ಸ್ನಾಯುಗಳ ಸೆಟೆತಕ್ಕೆ ಗಾಂಜಾ ಗಿಡದ ಔಷಧಿ

ಗಾಂಜಾ ಎಂದೊಡನೆ ಬಹಳ ಜನರ ಮನಸ್ಸಿಗೆ ಬರುವುದು ಚಿಲುಮೆ, ಅಮಲು ಮತ್ತು ಪೊಲೀಸು. ಆದರೆ ಇದೇ ಗಿಡದಿಂದ ತಯಾರಿಸಿದ ಒಂದು ಔಷಧಿಯನ್ನು ಕೆಲವು ದೇಶಗಳಲ್ಲಿ ವೈದ್ಯರು ಚೀಟಿ ಬರೆದು ಕೊಡುತ್ತಾರೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದಿಂದ ಕಾಲಿನ ಸ್ನಾಯುಗಳು ಸೆಟೆದುಕೊಂಡು ನರಳುವವರಿಗಾಗಿ ಈ ಔಷಧಿ ಬ್ರಿಟನ್ನಿನಲ್ಲಿ 2010ರಿಂದ ಬಳಕೆಯಲ್ಲಿದೆ.

ಈ ಸುದ್ದಿ ಅರೆಬರೆಯಾಗಿ ಹಳ್ಳಿಗಳನ್ನೂ ತಲುಪುತ್ತಿದೆ. ಗಾಂಜಾ ಈಗ ಔಷಧಿ ಬೆಳೆಯಾಗಿದೆ, ಬೆಳೆದವರಿಗೆ ಎಕರೆಗೆ ಲಕ್ಷಗಟ್ಟಲೆ ಲಾಭ ಎಂದು ಆಸೆ ಹುಟ್ಟಿಸುವವರು ಒಂದು ಕಡೆ ಇದ್ದರೆ, ಗಾಂಜಾ ಎಣ್ಣೆ ನರರೋಗಗಳನ್ನೆಲ್ಲ ವಾಸಿ ಮಾಡುತ್ತದೆ ಎನ್ನುವವರು ಇನ್ನೊಂದು ಕಡೆ ಇದ್ದಾರೆ. ಎರಡು ಮಾತೂ ಸರಿಯಲ್ಲ. ಮೊದಲನೆಯದನ್ನು ನಂಬಿದ ರೈತ ಸೆರೆಮನೆ ಸೇರಬಹುದು. ಎರಡನೆಯದನ್ನು ನಂಬಿದ ರೋಗಿ ಕೈಯಲ್ಲಿರುವ ಚಿಕಿತ್ಸೆಯನ್ನೂ ಕಳೆದುಕೊಳ್ಳಬಹುದು. ಆದುದರಿಂದ ಈ ಔಷಧಿ ಯಾವುದು, ಅದು ಗಿಡದಿಂದ ಹೇಗೆ ತಯಾರಾಗುತ್ತದೆ, ಎಷ್ಟು ಗುಣ ಕೊಡುತ್ತದೆ ಮತ್ತು ಭಾರತದ ಕಾನೂನು ಏನು ಹೇಳುತ್ತದೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ರೋಗದ ಸ್ವರೂಪ

ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗವನ್ನು ಸಂಕ್ಷೇಪವಾಗಿ ಎಂ.ಎಸ್. ಎಂದು ಕರೆಯುತ್ತಾರೆ. ಇದು ಮಿದುಳು ಮತ್ತು ಬೆನ್ನುಹುರಿಗೆ ಸಂಬಂಧಿಸಿದ ರೋಗ. 1868ರಲ್ಲಿ ಫ್ರಾನ್ಸಿನ ವೈದ್ಯ ಷಾರ್ಕೊ ಇದನ್ನು ಪ್ರತ್ಯೇಕ ರೋಗವೆಂದು ಗುರುತಿಸಿ ವಿವರಿಸಿದನು.

ಪಂಪ್‌ಸೆಟ್ಟಿಗೆ ವಿದ್ಯುತ್ ಒಯ್ಯುವ ತಂತಿಯ ಮೇಲೆ ರಬ್ಬರಿನ ಹೊದಿಕೆ ಇರುವಂತೆ, ದೇಹದ ನರತಂತುಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ಮಿದುಳಿನಿಂದ ಹೊರಟ ಆಜ್ಞೆ ಕೈಕಾಲುಗಳಿಗೆ ಬೇಗನೆ, ಸರಿಯಾಗಿ ತಲುಪಲು ಈ ಹೊದಿಕೆ ಅವಶ್ಯಕ. ಎಂ.ಎಸ್. ರೋಗದಲ್ಲಿ ದೇಹವನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ಈ ಹೊದಿಕೆಯ ಮೇಲೆ ತಿರುಗಿಬೀಳುತ್ತದೆ. ಇಲಿ ಕಡಿದ ತಂತಿಯಂತೆ ಹೊದಿಕೆ ಅಲ್ಲಲ್ಲಿ ಹಾಳಾಗುತ್ತದೆ. ಆಜ್ಞೆಗಳು ತಡವಾಗಿ ತಲುಪುತ್ತವೆ, ತಪ್ಪಾಗಿ ತಲುಪುತ್ತವೆ, ಕೆಲವು ತಲುಪುವುದೇ ಇಲ್ಲ.

ರೋಗ ಸಾಮಾನ್ಯವಾಗಿ 20ರಿಂದ 40 ವರ್ಷದ ವಯಸ್ಸಿನಲ್ಲಿ, ಅಂದರೆ ದುಡಿಯುವ ವಯಸ್ಸಿನಲ್ಲಿಯೇ, ಕಾಣಿಸಿಕೊಳ್ಳುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಉತ್ತರ ಯೂರೋಪು ಮತ್ತು ಕೆನಡಾದಂತಹ ಚಳಿ ದೇಶಗಳಲ್ಲಿ ಹೆಚ್ಚಾಗಿಯೂ, ಭಾರತದಂತಹ ಉಷ್ಣ ದೇಶಗಳಲ್ಲಿ ಕಡಿಮೆಯಾಗಿಯೂ ಕಂಡುಬರುತ್ತದೆ. ಎಂ.ಎಸ್. ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟ 2023ರಲ್ಲಿ ಮಾಡಿದ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 29 ಲಕ್ಷ ಜನರಿಗೆ ಈ ರೋಗವಿದೆ. ಇದು ಅಂಟುರೋಗವಲ್ಲ.

ಕಣ್ಣು ಮಂಜಾಗುವುದು, ಕೈಕಾಲು ಜೋಮು ಹಿಡಿಯುವುದು, ನಡೆಯುವಾಗ ತೋಲ ತಪ್ಪುವುದು, ಅತಿಯಾದ ಆಯಾಸ, ಮೂತ್ರದ ಹತೋಟಿ ತಪ್ಪುವುದು ಇದರ ಮುಖ್ಯ ಲಕ್ಷಣಗಳು. ರೋಗವನ್ನು ಬುಡಸಮೇತ ವಾಸಿ ಮಾಡುವ ಔಷಧಿ ಇನ್ನೂ ಇಲ್ಲ. ರೋಗದ ಮರುಕಳಿಕೆಯನ್ನು ಕಡಿಮೆ ಮಾಡುವ ಔಷಧಿಗಳಿವೆ. ಅವುಗಳ ಜೊತೆಗೆ ಒಂದೊಂದು ಲಕ್ಷಣಕ್ಕೂ ಬೇರೆ ಬೇರೆ ಚಿಕಿತ್ಸೆ ನಡೆಸಬೇಕಾಗುತ್ತದೆ.

ಸೆಟೆತವೆಂದರೇನು?

ರೋಗಿಯನ್ನು ಬಹಳ ಕಾಡುವ ಲಕ್ಷಣಗಳಲ್ಲಿ ಸ್ನಾಯುಗಳ ಸೆಟೆತ ಒಂದು. ಕಾಲನ್ನು ಮಡಿಸಬೇಕಾದರೆ ಒಂದು ಸ್ನಾಯು ಬಿಗಿಯಾಗಬೇಕು, ಅದರ ಎದುರಿನದು ಸಡಿಲವಾಗಬೇಕು. ಸಡಿಲವಾಗು ಎಂಬ ಆಜ್ಞೆ ತಲುಪದಿದ್ದಾಗ ಎರಡೂ ಬಿಗಿಯಾಗಿಯೇ ಉಳಿಯುತ್ತವೆ. ಕಾಲು ಕೊರಡಿನಂತೆ ಸೆಟೆದುಕೊಳ್ಳುತ್ತದೆ. ರಾತ್ರಿ ಮಲಗಿದಾಗ ಇದ್ದಕ್ಕಿದ್ದಂತೆ ಸೆಳೆತ ಬಂದು ನಿದ್ರೆ ಕೆಡುತ್ತದೆ. ತೀವ್ರವಾದಾಗ ರೋಗಿಗೆ ಬಟ್ಟೆ ತೊಡಿಸುವುದು, ಸ್ನಾನ ಮಾಡಿಸುವುದು, ಹಾಸಿಗೆಯಿಂದ ಕುರ್ಚಿಗೆ ಕೂರಿಸುವುದು ಮನೆಯವರಿಗೂ ಕಷ್ಟವಾಗುತ್ತದೆ.

ಇದಕ್ಕೆ ಮೊದಲ ಚಿಕಿತ್ಸೆ ದಿನವೂ ಮಾಡುವ ಅಂಗಸಾಧನೆ. ಅದರ ಜೊತೆಗೆ ಬ್ಯಾಕ್ಲೊಫೆನ್, ಟಿಜಾನಿಡಿನ್, ಗ್ಯಾಬಪೆಂಟಿನ್ ಮುಂತಾದ ಮಾತ್ರೆಗಳನ್ನು ವೈದ್ಯರು ಕೊಡುತ್ತಾರೆ. ಇವು ಅನೇಕರಿಗೆ ಸಾಕಾಗುತ್ತವೆ. ಕೆಲವರಿಗೆ ಮಾತ್ರ ಇವುಗಳಿಂದ ಗುಣ ಕಾಣುವುದಿಲ್ಲ. ಇನ್ನು ಕೆಲವರಿಗೆ ಗುಣ ಕಾಣುವಷ್ಟು ಪ್ರಮಾಣ ಕೊಟ್ಟರೆ ನಿಶ್ಶಕ್ತಿ, ತೂಕಡಿಕೆ ತಡೆಯಲಾಗುವುದಿಲ್ಲ. ಹೀಗೆ ಉಳಿದ ರೋಗಿಗಳಿಗಾಗಿಯೇ ಗಾಂಜಾ ಗಿಡದ ಔಷಧಿಯ ಶೋಧನೆ ನಡೆಯಿತು.

ಕಲ್ಕತ್ತೆಯಿಂದ ಲಂಡನ್ನಿಗೆ

ಈ ಗಿಡದ ಔಷಧೀಯ ಗುಣವನ್ನು ಪಾಶ್ಚಾತ್ಯ ವೈದ್ಯರು ಕಲಿತದ್ದು ಭಾರತದಿಂದ. ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಬೋಧಿಸುತ್ತಿದ್ದ ಐರ್ಲೆಂಡಿನ ವೈದ್ಯ ವಿಲಿಯಂ ಬ್ರೂಕ್ ಓಷಾನೆಸಿ, ಇಲ್ಲಿಯ ವೈದ್ಯರು ಮತ್ತು ಪಂಡಿತರಿಂದ ಗಾಂಜಾ ಬಳಕೆಯನ್ನು ತಿಳಿದುಕೊಂಡನು. ಮೊದಲು ಪ್ರಾಣಿಗಳ ಮೇಲೆ, ಅನಂತರ ರೋಗಿಗಳ ಮೇಲೆ ಪ್ರಯೋಗಿಸಿ 1839ರಲ್ಲಿ ವರದಿ ಪ್ರಕಟಿಸಿದನು. ಧನುರ್ವಾಯು ರೋಗಿಗಳಲ್ಲಿ ಸ್ನಾಯುಗಳ ಸೆಳೆತ ಇಳಿದದ್ದನ್ನು ಅವನು ಅದರಲ್ಲಿ ದಾಖಲಿಸಿದ್ದಾನೆ. ಮುಂದೆ ಭಾರತದಲ್ಲಿ ತಂತಿ ಸಮಾಚಾರದ ವ್ಯವಸ್ಥೆಯನ್ನು ಕಟ್ಟಿದವನೂ ಇವನೇ.

ಓಷಾನೆಸಿಯ ವರದಿಯಿಂದ ಗಾಂಜಾ ಅರ್ಕ ಬ್ರಿಟನ್ನಿನ ಔಷಧಿ ಅಂಗಡಿಗಳನ್ನು ಸೇರಿತು. ಆದರೆ ಅದರಲ್ಲಿ ಒಂದು ದೊಡ್ಡ ಕೊರತೆ ಇತ್ತು. ಒಂದು ಸೀಸೆಯ ಅರ್ಕ ಕುಡಿದವನಿಗೆ ಏನೂ ಆಗುತ್ತಿರಲಿಲ್ಲ; ಇನ್ನೊಂದು ಸೀಸೆಯಿಂದ ಅಷ್ಟೇ ಕುಡಿದವನಿಗೆ ತಲೆ ತಿರುಗಿ ಭ್ರಮೆ ಹಿಡಿಯುತ್ತಿತ್ತು. ಒಂದೇ ತಳಿಯ ಕಬ್ಬಿನಲ್ಲಿ ಭೂಮಿ, ಹವೆ ಮತ್ತು ಕಟಾವಿನ ಕಾಲಕ್ಕೆ ತಕ್ಕಂತೆ ಸಕ್ಕರೆಯ ಅಂಶ ಬದಲಾಗುವಂತೆ ಗಾಂಜಾದ ಸತ್ವವೂ ಬದಲಾಗುತ್ತಿತ್ತು. ಅದನ್ನು ಅಳೆಯುವ ವಿಧಾನ ಆಗ ಇರಲಿಲ್ಲ. ಸತ್ವವು ನೀರಿನಲ್ಲಿ ಕರಗದ್ದರಿಂದ ಸೂಜಿಮದ್ದಾಗಿ ಕೊಡಲೂ ಆಗುತ್ತಿರಲಿಲ್ಲ. ಅಳತೆಗೆ ಸಿಗುವ ಹೊಸ ಔಷಧಿಗಳು ಬಂದಂತೆ ವೈದ್ಯರು ಇದನ್ನು ದೂರವಿಟ್ಟರು. 1932ರಲ್ಲಿ ಬ್ರಿಟನ್ನಿನ ಅಧಿಕೃತ ಔಷಧಿಗಳ ಗ್ರಂಥದಿಂದ ಇದನ್ನು ತೆಗೆದುಹಾಕಲಾಯಿತು. ಗಿಡದಲ್ಲಿ ಗುಣವಿದ್ದರೂ ಅಳತೆ ಇಲ್ಲದ್ದರಿಂದ ಅದು ಔಷಧಿಯಾಗಿ ನಿಲ್ಲಲಿಲ್ಲ ಎಂಬುದನ್ನು ಗಮನಿಸಬೇಕು.

ಗಿಡದಲ್ಲಿರುವ ಸತ್ವಗಳು

ಕ್ಯಾನಬಿಸ್ ಸಟೈವ ಎಂಬುದು ಈ ಗಿಡದ ಸಸ್ಯಶಾಸ್ತ್ರೀಯ ಹೆಸರು. ಇದರಲ್ಲಿ ಗಂಡು ಗಿಡ ಮತ್ತು ಹೆಣ್ಣು ಗಿಡ ಸಾಮಾನ್ಯವಾಗಿ ಬೇರೆ ಬೇರೆ. ಹೆಣ್ಣು ಗಿಡದ ಹೂಗೊಂಚಲಿನಲ್ಲಿರುವ ಸಣ್ಣ ಗ್ರಂಥಿಗಳಲ್ಲಿ ಅಂಟಾದ ರಾಳ ತುಂಬಿರುತ್ತದೆ. ಔಷಧಿಯ ಅಂಶಗಳು ಮುಖ್ಯವಾಗಿ ಈ ರಾಳದಲ್ಲಿವೆ.

ಇವುಗಳಲ್ಲಿ ಎರಡು ಮುಖ್ಯವಾದವು. ಒಂದು ಟಿ.ಎಚ್.ಸಿ. ಅಮಲು ಬರಿಸುವುದು ಇದೇ. ಸ್ನಾಯುಗಳ ಸೆಟೆತವನ್ನು ಇಳಿಸುವ ಮುಖ್ಯ ಅಂಶವೂ ಇದೇ. ಇನ್ನೊಂದು ಸಿ.ಬಿ.ಡಿ. ಇದು ಅಮಲು ಬರಿಸುವುದಿಲ್ಲ. ಇಸ್ರೇಲಿನ ವಿಜ್ಞಾನಿ ರಫಾಯಲ್ ಮೆಷೂಲಂ ಮತ್ತು ಸಂಗಡಿಗರು 1963ರಲ್ಲಿ ಸಿ.ಬಿ.ಡಿ.ಯ ರಚನೆಯನ್ನು ಕಂಡುಹಿಡಿದರು. 1964ರಲ್ಲಿ ಟಿ.ಎಚ್.ಸಿ.ಯನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿದರು. ಸತ್ವವನ್ನು ಮಿಲಿಗ್ರಾಂ ಲೆಕ್ಕದಲ್ಲಿ ಅಳೆಯುವುದು ಆಗಿನಿಂದ ಸಾಧ್ಯವಾಯಿತು.

ದೇಹದಲ್ಲಿ ಇದು ಕೆಲಸ ಮಾಡುವ ಬಗೆ ತಿಳಿದದ್ದು ಇನ್ನೂ ತಡವಾಗಿ. 1988ರಲ್ಲಿ ಅಮೆರಿಕದ ಅಲಿನ್ ಹೌಲೆಟ್ ಮತ್ತು ವಿಲಿಯಂ ಡಿವೇನ್ ಎಂಬ ವಿಜ್ಞಾನಿಗಳು, ಈ ಸತ್ವ ಹೋಗಿ ಕೂರುವ ಗ್ರಾಹಕಗಳು ಮಿದುಳಿನಲ್ಲಿ ಇವೆಯೆಂದು ತೋರಿಸಿದರು. ಗಿಡದ ಸತ್ವಕ್ಕಾಗಿ ದೇಹದಲ್ಲಿ ಜಾಗ ಏಕೆ ಇರಬೇಕು ಎಂಬ ಪ್ರಶ್ನೆ ಎದ್ದಿತು. ದೇಹವೇ ಅಂಥದೊಂದು ವಸ್ತುವನ್ನು ತಯಾರಿಸಿಕೊಳ್ಳುತ್ತದೆ ಎಂಬ ಉತ್ತರ 1992ರಲ್ಲಿ ಸಿಕ್ಕಿತು. ಆ ವಸ್ತುವಿಗೆ ಸಂಸ್ಕೃತದ ಆನಂದ ಎಂಬ ಶಬ್ದದಿಂದ ಆನಂದಮೈಡ್ ಎಂದು ಹೆಸರಿಟ್ಟರು.

ಇದರ ಕೆಲಸವನ್ನು ಕಾಲುವೆಯ ನೀರಿಗೆ ಹೋಲಿಸಬಹುದು. ಕಾಲುವೆಯ ಕೊನೆಯ ಹೊಲದಲ್ಲಿ ನೀರು ಹೆಚ್ಚಾದಾಗ, ಸಾಕು ಎಂದು ಮೇಲಿನ ತೂಬಿಗೆ ಹೇಳಿ ಕಳುಹಿಸುತ್ತಾರೆ, ತೂಬನ್ನು ಇಳಿಸುತ್ತಾರೆ. ಒಂದು ನರದಿಂದ ಇನ್ನೊಂದು ನರಕ್ಕೆ ಪ್ರಚೋದನೆ ಹೆಚ್ಚಾಗಿ ಹರಿದಾಗ, ದೇಹದ ಈ ಸ್ವಂತ ವಸ್ತುಗಳು ಹಿಂದಕ್ಕೆ ಹೋಗಿ ಹರಿವನ್ನು ತಗ್ಗಿಸುತ್ತವೆ. ಗಾಂಜಾ ಸತ್ವವೂ ಅದೇ ತೂಬಿನ ಮೇಲೆ ಕೆಲಸ ಮಾಡುತ್ತದೆ. ಲಂಡನ್ನಿನ ಡೇವಿಡ್ ಬೇಕರ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಎಂ.ಎಸ್.ನಂತಹ ರೋಗ ಬರಿಸಿದ ಇಲಿಗಳಿಗೆ ಈ ಬಗೆಯ ಸತ್ವ ಕೊಟ್ಟಾಗ ಸೆಟೆತ ಇಳಿಯಿತು. ಗ್ರಾಹಕಗಳಿಗೆ ಅಡ್ಡಿ ಮಾಡಿದಾಗ ಸೆಟೆತ ಹೆಚ್ಚಿತು.

ಔಷಧಿಗಾಗಿ ಬೇಸಾಯ

1990ರ ದಶಕದಲ್ಲಿ ಬ್ರಿಟನ್ನಿನ ಅನೇಕ ಎಂ.ಎಸ್. ರೋಗಿಗಳು ಕಾನೂನಿಗೆ ವಿರುದ್ಧವಾಗಿಯೇ ಗಾಂಜಾ ಸೇದಿ, ಸೆಳೆತ ಕಡಿಮೆಯಾಗುತ್ತದೆ ಎಂದು ಹೇಳತೊಡಗಿದರು. ಆ ದೇಶದ ಸಂಸತ್ತಿನ ಮೇಲ್ಮನೆಯ ವಿಜ್ಞಾನ ಸಮಿತಿ 1998ರ ನವೆಂಬರಿನಲ್ಲಿ ಈ ಬಗ್ಗೆ ವರದಿ ಕೊಟ್ಟು, ಎಂ.ಎಸ್. ರೋಗಿಗಳ ಮೇಲೆ ಸರಿಯಾದ ವೈದ್ಯಕೀಯ ಪ್ರಯೋಗಗಳು ಬೇಗ ನಡೆಯಬೇಕೆಂದು ಸಲಹೆ ಮಾಡಿತು. ಅದೇ ವರ್ಷ ಜೆಫ್ರಿ ಗೈ ಮತ್ತು ಬ್ರಯನ್ ವಿಟಲ್ ಎಂಬುವರು ಜಿ.ಡಬ್ಲ್ಯು. ಫಾರ್ಮಸ್ಯೂಟಿಕಲ್ಸ್ ಎಂಬ ಕಂಪನಿ ಸ್ಥಾಪಿಸಿ, ಸರ್ಕಾರದ ಪರವಾನಗಿ ಪಡೆದು ಗಿಡ ಬೆಳೆಸಲು ಆರಂಭಿಸಿದರು.

ಇಲ್ಲಿ ಬೇಸಾಯದ ಗುರಿ ಹೆಚ್ಚು ಇಳುವರಿ ಒಂದೇ ಆಗಿರಲಿಲ್ಲ. ಪ್ರತಿ ಕಟಾವಿನಲ್ಲೂ ಒಂದೇ ಪ್ರಮಾಣದ ಸತ್ವ ಬರುವಂತೆ ಮಾಡುವುದು ಮುಖ್ಯವಾಗಿತ್ತು. ಅದಕ್ಕಾಗಿ ಅನುಸರಿಸಿದ ಕ್ರಮಗಳು ರೈತರಿಗೆ ಸುಲಭವಾಗಿ ಅರ್ಥವಾಗುವಂಥವು.

ಬೀಜದಿಂದ ಬೆಳೆಸಿದ ಸಸಿಗಳು ಒಂದರಂತೆ ಒಂದಿರುವುದಿಲ್ಲ. ಅವುಗಳಲ್ಲಿ ಗಂಡು ಗಿಡಗಳೂ ಬರುತ್ತವೆ. ಆದುದರಿಂದ ಆಯ್ದ ಹೆಣ್ಣು ತಾಯಿಗಿಡಗಳಿಂದ, ದ್ರಾಕ್ಷಿ ಅಥವಾ ಗುಲಾಬಿಯಂತೆ, ಕಡ್ಡಿ ತುಂಡುಗಳನ್ನು ಬೇರು ಬರಿಸಿ ಬೆಳೆಸುತ್ತಾರೆ. ಗಂಡು ಗಿಡದ ಪರಾಗ ಗಾಳಿಯಲ್ಲಿ ಬಹುದೂರ ಹೋಗುತ್ತದೆ. ಪರಾಗ ತಗುಲಿ ಬೀಜ ಕಟ್ಟಿದ ಹೂವಿನಲ್ಲಿ ರಾಳ ಕಡಿಮೆಯಾಗುವುದರಿಂದ ಗಾಜಿನ ಮನೆಯೊಳಗೆ ಬೆಳೆಯುತ್ತಾರೆ.

ಗಾಂಜಾ ಕಿರುಹಗಲಿನ ಸಸ್ಯ. ಹಗಲು ದೀರ್ಘವಾಗಿದ್ದಾಗ ಎಲೆ, ಕಾಂಡ ಬೆಳೆಯುತ್ತವೆ. ರಾತ್ರಿ ದೀರ್ಘವಾದಾಗ ಹೂ ಬಿಡುತ್ತದೆ. ವಿದ್ಯುತ್ ದೀಪ ಹಾಕಿ ಹೂ ಬಿಡುವ ಕಾಲವನ್ನು ಮುಂದೂಡುವ ಸೇವಂತಿಗೆ ಬೆಳೆಗಾರರಿಗೆ ಈ ಗುಣ ಹೊಸದಲ್ಲ. ದೀಪದ ಅವಧಿಯನ್ನು ಬದಲಿಸಿ ವರ್ಷದ ಯಾವ ಕಾಲದಲ್ಲಾದರೂ ಹೂ ಪಡೆಯಲಾಗುತ್ತದೆ. ಈ ಗಿಡ ಮಣ್ಣಿನಲ್ಲಿರುವ ಸೀಸ, ಕ್ಯಾಡ್ಮಿಯಂನಂತಹ ಲೋಹಗಳನ್ನು ಹೀರಿಕೊಳ್ಳುವ ಸ್ವಭಾವದ್ದು. ಆದುದರಿಂದ ಬೆಳೆಯುವ ಮಾಧ್ಯಮವನ್ನೂ ಪರೀಕ್ಷಿಸಬೇಕಾಗುತ್ತದೆ.

ಟಿ.ಎಚ್.ಸಿ. ಹೆಚ್ಚಾಗಿರುವ ಒಂದು ತಳಿಯನ್ನೂ ಸಿ.ಬಿ.ಡಿ. ಹೆಚ್ಚಾಗಿರುವ ಇನ್ನೊಂದು ತಳಿಯನ್ನೂ ಬೇರೆ ಬೇರೆಯಾಗಿ ಬೆಳೆದು, ಕಟಾವು ಮಾಡಿ ಒಣಗಿಸುತ್ತಾರೆ. ಗಿಡದಲ್ಲಿ ಇವು ಆಮ್ಲದ ರೂಪದಲ್ಲಿರುತ್ತವೆ. ಬಿಸಿ ಮಾಡಿದಾಗ ಔಷಧಿಯ ರೂಪಕ್ಕೆ ಬರುತ್ತವೆ. ಅನಂತರ ದ್ರವರೂಪದ ಇಂಗಾಲದ ಡೈ ಆಕ್ಸೈಡಿನಿಂದ ಸತ್ವ ತೆಗೆದು, ಮೇಣದ ಅಂಶವನ್ನು ಬೇರ್ಪಡಿಸಿ, ಎರಡು ತಳಿಗಳ ಸತ್ವವನ್ನು ಗೊತ್ತಾದ ಪ್ರಮಾಣದಲ್ಲಿ ಬೆರೆಸುತ್ತಾರೆ.

ಇದೇ ಕಂಪನಿ ಮಕ್ಕಳ ಒಂದು ಬಗೆಯ ತೀವ್ರ ಅಪಸ್ಮಾರಕ್ಕೆ ಸಿ.ಬಿ.ಡಿ. ಔಷಧಿಯನ್ನೂ ತಯಾರಿಸಿತು. ಅದಕ್ಕಾಗಿ ಇಂಗ್ಲೆಂಡಿನ ವಿಸಿಂಗ್ಟನ್ ಸಕ್ಕರೆ ಕಾರ್ಖಾನೆಯ ಪಕ್ಕದಲ್ಲಿ ಟೊಮ್ಯಾಟೊ ಬೆಳೆಯುತ್ತಿದ್ದ 18 ಹೆಕ್ಟೇರ್ ಗಾಜಿನ ಮನೆಯನ್ನು 2017ರಲ್ಲಿ ಅಮಲಿಲ್ಲದ ಕ್ಯಾನಬಿಸ್ ಬೆಳೆಗೆ ಬಳಸಿಕೊಳ್ಳಲಾಯಿತು. ಇಂತಹ ಬೇಸಾಯಕ್ಕೆ ಬೇಕಾಗುವ ಬಂಡವಾಳ, ಪ್ರಯೋಗಶಾಲೆ ಮತ್ತು ಕಾವಲನ್ನು ನೋಡಿದರೆ ಇದು ಬಯಲು ಹೊಲದ ಬೆಳೆಯಲ್ಲವೆಂಬುದು ತಿಳಿಯುತ್ತದೆ.

ಔಷಧಿಯ ಬಳಕೆ

ಎಂ.ಎಸ್. ರೋಗಿಗಳ ಔಷಧಿಯ ಹೆಸರು ಸ್ಯಾಟಿವೆಕ್ಸ್. ಇದನ್ನು ಸೇದುವುದಿಲ್ಲ, ನುಂಗುವುದೂ ಇಲ್ಲ. ಸಣ್ಣ ಸೀಸೆಯ ಮೂತಿಯನ್ನು ಒತ್ತಿ ನಾಲಗೆಯ ಕೆಳಗೆ ಅಥವಾ ಕೆನ್ನೆಯ ಒಳಭಾಗಕ್ಕೆ ಸಿಂಪಡಿಸಿಕೊಳ್ಳಬೇಕು. ಒಂದು ಸಲ ಒತ್ತಿದರೆ 2.7 ಮಿಲಿಗ್ರಾಂ ಟಿ.ಎಚ್.ಸಿ. ಮತ್ತು 2.5 ಮಿಲಿಗ್ರಾಂ ಸಿ.ಬಿ.ಡಿ. ಬರುತ್ತದೆ. ಬಾಯಿಯ ಒಂದೇ ಜಾಗ ಹುಣ್ಣಾಗದಂತೆ ಪ್ರತಿ ಸಲವೂ ಸ್ಥಳ ಬದಲಿಸಬೇಕು.

ಮೊದಲ ದಿನ ಸಂಜೆ ಒಂದು ಸಿಂಪಡಣೆಯಿಂದ ಆರಂಭಿಸಿ, ಎರಡು ವಾರಗಳಲ್ಲಿ ನಿಧಾನವಾಗಿ ಏರಿಸುತ್ತಾರೆ. ಎರಡು ಸಿಂಪಡಣೆಗಳ ನಡುವೆ ಕನಿಷ್ಠ 15 ನಿಮಿಷ ಬಿಡಬೇಕು. ದಿನಕ್ಕೆ 12 ಮೀರಬಾರದು. ಪ್ರಯೋಗಗಳಲ್ಲಿ ಹೆಚ್ಚು ಕಡಿಮೆ ದಿನಕ್ಕೆ 8 ಸಿಂಪಡಣೆ ಸಾಕಾಗಿದೆ. ಗುಣ ಕಂಡ ಪ್ರಮಾಣದಲ್ಲಿಯೇ ನಿಲ್ಲಿಸಬೇಕು. ಮೊದಲೇ ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನು ಬಿಡದೆ, ಅವುಗಳ ಜೊತೆಗೆ ಇದನ್ನು ಕೊಡುತ್ತಾರೆ.

ನಾಲ್ಕು ವಾರಗಳಾದ ಮೇಲೆ ವೈದ್ಯರು ಪರಿಶೀಲಿಸುತ್ತಾರೆ. ಸೆಟೆತದ ಬಾಧೆಗೆ ಸೊನ್ನೆಯಿಂದ 10ರವರೆಗೆ ರೋಗಿಯೇ ಅಂಕ ಕೊಡಬೇಕು. ಮೊದಲಿಗಿಂತ ಶೇಕಡ 20ರಷ್ಟಾದರೂ ಬಾಧೆ ಇಳಿದಿದ್ದರೆ ಔಷಧಿಯನ್ನು ಮುಂದುವರಿಸುತ್ತಾರೆ, ಇಲ್ಲವಾದರೆ ನಿಲ್ಲಿಸುತ್ತಾರೆ.

ಎಷ್ಟು ಗುಣ?

ಬ್ರಿಟನ್ನಿನ 33 ಆಸ್ಪತ್ರೆಗಳಲ್ಲಿ ನಡೆದ ಒಂದು ದೊಡ್ಡ ಪ್ರಯೋಗದ ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಆರು ನೂರಕ್ಕೂ ಹೆಚ್ಚು ರೋಗಿಗಳು ಅದರಲ್ಲಿ ಭಾಗವಹಿಸಿದ್ದರು. ಕೆಲವರಿಗೆ ಗಾಂಜಾ ಸತ್ವ, ಕೆಲವರಿಗೆ ಬರಿಯ ಟಿ.ಎಚ್.ಸಿ., ಉಳಿದವರಿಗೆ ನೋಡಲು ಹಾಗೆಯೇ ಇರುವ ಹುಸಿ ಔಷಧಿ ಕೊಡಲಾಯಿತು. 15 ವಾರಗಳ ನಂತರ ವೈದ್ಯರು ಕಾಲನ್ನು ಮಡಿಸಿ ಅಳೆದಾಗ ಬಿಗಿತದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಆದರೆ ರೋಗಿಗಳನ್ನು ಕೇಳಿದಾಗ, ಸತ್ವ ಪಡೆದವರಲ್ಲಿ ಶೇಕಡ 61, ಟಿ.ಎಚ್.ಸಿ. ಪಡೆದವರಲ್ಲಿ ಶೇಕಡ 60 ಮಂದಿ ಸೆಟೆತ ಕಡಿಮೆಯಾಗಿದೆ ಎಂದರು. ಹುಸಿ ಔಷಧಿ ಪಡೆದವರಲ್ಲಿಯೂ ಶೇಕಡ 46 ಮಂದಿ ಹಾಗೆಯೇ ಹೇಳಿದರು.

ಈ ಅಂಕಿಗಳನ್ನು ಎಚ್ಚರದಿಂದ ಓದಬೇಕು. ಗೊಬ್ಬರದ ಪ್ರಯೋಗದಲ್ಲಿ ಗೊಬ್ಬರ ಹಾಕದ ತಾಕನ್ನು ಹೋಲಿಕೆಗೆ ಇಡುವುದು ಏಕೆಂಬುದು ರೈತರಿಗೆ ಗೊತ್ತು. ಗೊಬ್ಬರ ಹಾಕಿದ ತಾಕಿನ ಇಳುವರಿಯೆಲ್ಲ ಗೊಬ್ಬರದ ಫಲವಲ್ಲ; ಹಾಕದ ತಾಕಿಗಿಂತ ಹೆಚ್ಚಾಗಿ ಬಂದದ್ದು ಮಾತ್ರ ಅದರ ಫಲ. ಹಾಗೆಯೇ ಇಲ್ಲಿ 61ರಲ್ಲಿ 46 ಕಳೆದರೆ ಉಳಿಯುವ 15 ಔಷಧಿಯ ಪಾಲು. ಸತ್ವ ಪಡೆದ ಅನೇಕರಿಗೆ ತಲೆ ಹಗುರಾದಂತಾಗಿ, ತಮಗೆ ಸಿಕ್ಕಿದ್ದು ನಿಜವಾದ ಔಷಧಿಯೆಂದು ಗೊತ್ತಾಗಿಬಿಡುತ್ತಿತ್ತು. ಆದುದರಿಂದ ಆ ಪಾಲನ್ನೂ ಪೂರ್ತಿ ಔಷಧಿಯ ಲೆಕ್ಕಕ್ಕೆ ಹಾಕಲಾಗದು.

ಯಾರಿಗೆ ಗುಣವಾಗುತ್ತದೆ ಎಂಬುದನ್ನು ಮೊದಲೇ ಗುರುತಿಸಲು ಇನ್ನೊಂದು ಪ್ರಯೋಗ ನಡೆಯಿತು. 2011ರಲ್ಲಿ ಪ್ರಕಟವಾದ ಇದರಲ್ಲಿ 572 ರೋಗಿಗಳಿಗೆ ನಾಲ್ಕು ವಾರ ಸ್ಯಾಟಿವೆಕ್ಸ್ ಕೊಡಲಾಯಿತು. 272 ಜನರಲ್ಲಿ, ಅಂದರೆ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಜನರಲ್ಲಿ, ಶೇಕಡ 20 ಅಥವಾ ಅದಕ್ಕಿಂತ ಹೆಚ್ಚು ಗುಣ ಕಂಡಿತು. ಇವರಲ್ಲಿ 241 ಜನರನ್ನು ಎರಡು ಗುಂಪು ಮಾಡಿ, 12 ವಾರ ಒಂದು ಗುಂಪಿಗೆ ಔಷಧಿ, ಇನ್ನೊಂದಕ್ಕೆ ಹುಸಿ ಔಷಧಿ ಕೊಟ್ಟಾಗ, ಔಷಧಿ ಪಡೆದವರ ಸ್ಥಿತಿ ಸ್ಪಷ್ಟವಾಗಿ ಉತ್ತಮವಾಗಿತ್ತು. ನಾಲ್ಕು ವಾರದ ಪರೀಕ್ಷೆಯ ಕ್ರಮ ಬಂದದ್ದು ಹೀಗೆ.

ಇಂತಹ 25 ಪ್ರಯೋಗಗಳನ್ನು, ಒಟ್ಟು 3763 ರೋಗಿಗಳ ವಿವರಗಳನ್ನು, ಒಟ್ಟಿಗೆ ಪರಿಶೀಲಿಸಿದ ಕಾಕ್ರೇನ್ ಸಂಸ್ಥೆಯ 2022ರ ವರದಿಯೂ ಸೆಟೆತ ಕಡಿಮೆಯಾಯಿತೆನ್ನುವವರ ಸಂಖ್ಯೆ ಔಷಧಿಯಿಂದ ಬಹುಶಃ ಹೆಚ್ಚುತ್ತದೆ ಎಂದು ತೀರ್ಮಾನಿಸಿತು. ಅದೇ ವರ್ಷ ಹೊರಬಿದ್ದ ಮತ್ತೊಂದು ಪ್ರಯೋಗದಲ್ಲಿ ಕಾಲಿನ ಬಿಗಿತದ ಅಳತೆಯಲ್ಲಿ ನಿರೀಕ್ಷಿಸಿದ ವ್ಯತ್ಯಾಸ ಕಾಣಲಿಲ್ಲ. ಅಮೆರಿಕದಲ್ಲಿ ಈ ಔಷಧಿಗೆ ಅನುಮತಿ ಪಡೆಯುವ ಪ್ರಯತ್ನವನ್ನು ಆಗ ಕೈಬಿಡಲಾಯಿತು.

ರೋಗದ ಮುನ್ನಡೆಯನ್ನೇ ಇದು ತಡೆಯುತ್ತದೆಯೇ ಎಂದು ನೋಡಲು ಬ್ರಿಟನ್ನಿನಲ್ಲಿ ಸುಮಾರು 500 ರೋಗಿಗಳಿಗೆ ಮೂರು ವರ್ಷ ಟಿ.ಎಚ್.ಸಿ. ಅಥವಾ ಹುಸಿ ಔಷಧಿ ಕೊಡಲಾಯಿತು. ಟಿ.ಎಚ್.ಸಿ. ರೋಗವನ್ನು ನಿಧಾನಗೊಳಿಸಲಿಲ್ಲವೆಂದು 2013ರ ವರದಿ ತಿಳಿಸಿತು. ಅಂದರೆ ಈ ಔಷಧಿ ಕೆಲವರಿಗೆ ಸೆಟೆತ ಇಳಿಸಿ ರಾತ್ರಿ ನಿದ್ರೆ, ಸ್ವಲ್ಪ ಸಲೀಸಾದ ಚಲನೆ ಕೊಡಬಲ್ಲದು. ಹಾಳಾದ ನರದ ಹೊದಿಕೆಯನ್ನು ಮತ್ತೆ ಬೆಳೆಸಲಾರದು. ವರ್ಷಗಟ್ಟಲೆ ನಿದ್ರೆಯಿಲ್ಲದೆ ನರಳಿದವರಿಗೆ ಅಷ್ಟಾದರೂ ಸಿಗುವುದು ಸಣ್ಣ ಸಂಗತಿಯಲ್ಲ. ಆದರೆ ಅದಕ್ಕಿಂತ ಹೆಚ್ಚಿನ ಭರವಸೆ ಕೊಡುವವರನ್ನು ನಂಬಬಾರದು.

ಅಡ್ಡ ಪರಿಣಾಮಗಳು

ತಲೆ ಸುತ್ತುವುದು ಮತ್ತು ಆಯಾಸ ಸಾಮಾನ್ಯ. ಮೊದಲ ನಾಲ್ಕು ವಾರಗಳಲ್ಲಿ ಇವು ಹೆಚ್ಚು. ತೂಕಡಿಕೆ, ಬಾಯಿ ಒಣಗುವುದು, ಗಮನ ನಿಲ್ಲದಿರುವುದು, ಬಾಯಿಯೊಳಗೆ ಉರಿ ಕೂಡ ಕಂಡುಬರುತ್ತವೆ. ಮೊದಲೇ ತೋಲ ತಪ್ಪುವ ರೋಗಿ ಬೀಳುವ ಅಪಾಯ ಹೆಚ್ಚುತ್ತದೆ. ತಲೆ ಸುತ್ತು, ತೂಕಡಿಕೆ ಇರುವಾಗ ವಾಹನ, ಯಂತ್ರ ನಡೆಸಬಾರದು.

ಸ್ವತಃ ಅಥವಾ ಮನೆತನದಲ್ಲಿ ಸ್ಕಿಜೋಫ್ರೇನಿಯದಂತಹ ಮಾನಸಿಕ ರೋಗ ಇರುವವರಿಗೆ, ಹಾಲೂಡಿಸುವ ತಾಯಂದಿರಿಗೆ ಈ ಔಷಧಿ ನಿಷಿದ್ಧ. ಗರ್ಭಿಣಿಯರಿಗೂ 18 ವರ್ಷದೊಳಗಿನವರಿಗೂ ಇದನ್ನು ಸಲಹೆ ಮಾಡುವುದಿಲ್ಲ. ಗಾಂಜಾ ಸೇದುವುದರಿಂದ ಹೊಗೆಯ ಹಾನಿಯೂ ಸೇರುತ್ತದೆ. ಎಷ್ಟು ಟಿ.ಎಚ್.ಸಿ. ಒಳಹೋಯಿತೆಂಬ ಲೆಕ್ಕವೂ ಸಿಗುವುದಿಲ್ಲ. ಆದುದರಿಂದ ಸೇದುವುದನ್ನು ಈ ಔಷಧಿಗೆ ಸಮವೆಂದು ತಿಳಿಯಬಾರದು.

ಬ್ರಿಟನ್ನಿನಲ್ಲಿಯೂ ಇದು ಸುಲಭವಾಗಿ ದೊರೆಯಲಿಲ್ಲ. ಬೆಲೆಗೆ ತಕ್ಕ ಗುಣವಿಲ್ಲವೆಂದು ಇಂಗ್ಲೆಂಡಿನ ಆರೋಗ್ಯ ಸೇವೆಗೆ ಮಾರ್ಗದರ್ಶನ ನೀಡುವ ನೈಸ್ ಸಂಸ್ಥೆ 2014ರಲ್ಲಿ ಇದನ್ನು ಶಿಫಾರಸು ಮಾಡಲಿಲ್ಲ. 2019ರ ನವೆಂಬರಿನಲ್ಲಿ ಆ ನಿಲುವನ್ನು ಬದಲಿಸಿ, ಬೇರೆ ಔಷಧಿಗಳು ಫಲಕೊಡದ ರೋಗಿಗಳಿಗೆ ನಾಲ್ಕು ವಾರದ ಪರೀಕ್ಷೆಗೆ ಒಪ್ಪಿತು. ಆ ಮೊದಲ ನಾಲ್ಕು ವಾರದ ಔಷಧಿಯನ್ನು ಕಂಪನಿಯೇ ಬಿಟ್ಟಿಯಾಗಿ ಕೊಡಬೇಕೆಂಬ ಷರತ್ತೂ ಇತ್ತು.

ಭಾರತದ ಕಾನೂನು

ಭಾರತದಲ್ಲಿ ಗಾಂಜಾ ಕೃಷಿಗೆ 1985ರ ಮಾದಕ ದ್ರವ್ಯಗಳ ಕಾಯಿದೆ ಅನ್ವಯಿಸುತ್ತದೆ. 1985ರ ನವೆಂಬರ್ 14ರಿಂದ ಇದು ಜಾರಿಯಲ್ಲಿದೆ. ಅಂತರರಾಷ್ಟ್ರೀಯವಾಗಿ ವಿಶ್ವಸಂಸ್ಥೆಯ ಮಾದಕ ದ್ರವ್ಯಗಳ ಆಯೋಗ 2020ರ ಡಿಸೆಂಬರಿನಲ್ಲಿ 27ಕ್ಕೆ 25 ಮತಗಳಿಂದ ಗಾಂಜಾವನ್ನು ಅತ್ಯಂತ ಕಠಿಣವಾದ ಪಟ್ಟಿಯಿಂದ ತೆಗೆಯಿತು. ಹಾಗಿದ್ದರೂ ಅದು ನಿಯಂತ್ರಿತ ವಸ್ತುಗಳ ಪಟ್ಟಿಯಲ್ಲಿಯೇ ಉಳಿದಿದೆ. ಆ ಮತದಾನದಿಂದ ಭಾರತದ ಕಾಯಿದೆ ಸಡಿಲವಾಗಿಲ್ಲ. ರೈತರು ಈ ಕೆಳಗಿನ ಅಂಶಗಳನ್ನು ನೆನಪಿನಲ್ಲಿಡಬೇಕು.

1. ಸರ್ಕಾರದ ಪರವಾನಗಿ ಇಲ್ಲದೆ ಗಾಂಜಾ ಗಿಡ ಬೆಳೆಯುವುದು ಅಪರಾಧ. ಇದಕ್ಕೆ 10 ವರ್ಷದವರೆಗೆ ಕಠಿಣ ಸಜೆ ಮತ್ತು 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು.

2. ಹೂ ಅಥವಾ ಕಾಯಿ ತುದಿಗಳಿಂದ ಬೇರ್ಪಟ್ಟ ಎಲೆ ಮತ್ತು ಬೀಜ ಕಾಯಿದೆಯ ಗಾಂಜಾ ವ್ಯಾಖ್ಯೆಗೆ ಸೇರುವುದಿಲ್ಲ. ಆದರೆ ಗಿಡ ಬೆಳೆಯುವ ನಿಷೇಧ ಇಡೀ ಗಿಡಕ್ಕೆ ಅನ್ವಯಿಸುತ್ತದೆ. ಸೊಪ್ಪಿಗಾಗಿ ಬೆಳೆದದ್ದು ಎಂಬ ಸಮಜಾಯಿಷಿ ಉಪಯೋಗಕ್ಕೆ ಬಾರದು.

3. ತನ್ನ ಜಮೀನಿನಲ್ಲಿ ಬೇರೆಯವರು ಗಾಂಜಾ ಬೆಳೆದಿರುವುದು ತಿಳಿದರೆ ಜಮೀನಿನ ಒಡೆಯ ಕೂಡಲೇ ಪೊಲೀಸರಿಗೆ ಅಥವಾ ಅಬಕಾರಿ ಅಧಿಕಾರಿಗಳಿಗೆ ತಿಳಿಸಬೇಕು. ತಿಳಿದೂ ಸುಮ್ಮನಿದ್ದರೆ ಅವನೂ ಶಿಕ್ಷೆಗೆ ಗುರಿಯಾಗುತ್ತಾನೆ. ಜಮೀನನ್ನು ಗುತ್ತಿಗೆಗೆ ಕೊಟ್ಟವರು ಮೆಕ್ಕೆಜೋಳ, ಹತ್ತಿ, ತೊಗರಿ ಸಾಲುಗಳ ನಡುವೆ ಏನು ಬೆಳೆದಿದೆ ಎಂದು ಆಗಾಗ್ಗೆ ನೋಡುವುದು ಒಳ್ಳೆಯದು.

4. ನಾರು ಮತ್ತು ಬೀಜಕ್ಕಾಗಿ ಬೆಳೆಯುವ, ಅಮಲಿನ ಅಂಶ ತೀರ ಕಡಿಮೆ ಇರುವ ಹೆಂಪ್ ತಳಿಗಳಿಗೆ ಕೆಲವೆಡೆ ಪರವಾನಗಿ ಕೊಡಲಾಗುತ್ತದೆ. 2018ರಲ್ಲಿ ಉತ್ತರಾಖಂಡ ರಾಜ್ಯ ಟಿ.ಎಚ್.ಸಿ. ಶೇಕಡ 0.3 ಮೀರದ ತಳಿಗಳಿಗೆ ಅವಕಾಶ ಕೊಟ್ಟಿತು. 2021ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಹೆಂಪ್ ಬೀಜ ಮತ್ತು ಬೀಜದ ಎಣ್ಣೆಯನ್ನು ಮಿತಿಗೊಳಪಟ್ಟು ಆಹಾರವೆಂದು ಮಾನ್ಯ ಮಾಡಿತು. ಈ ಬೀಜದ ಎಣ್ಣೆ ಅಡಿಗೆಯ ವಸ್ತು, ಸೆಟೆತದ ಔಷಧಿಯಲ್ಲ. ಒಂದು ರಾಜ್ಯದ ಪರವಾನಗಿ ಇನ್ನೊಂದು ರಾಜ್ಯದಲ್ಲಿ ನಡೆಯುವುದೂ ಇಲ್ಲ.

5. ಬೀಜ ಕೊಡುತ್ತೇವೆ, ಬೆಳೆದದ್ದನ್ನು ಕೊಳ್ಳುತ್ತೇವೆ, ಮುಂಗಡ ಕಟ್ಟಿ ಎನ್ನುವ ಯಾರೇ ಬಂದರೂ ಮೊದಲು ಸರ್ಕಾರದ ಪರವಾನಗಿ ಪತ್ರ ಕೇಳಬೇಕು. ಅದನ್ನು ತಾಲ್ಲೂಕಿನ ಅಬಕಾರಿ ಕಚೇರಿಯಲ್ಲಿ ತೋರಿಸಿ ಖಚಿತಪಡಿಸಿಕೊಳ್ಳದೆ ಹಣ ಕೊಡಬಾರದು, ಬಿತ್ತಬಾರದು.

ರೋಗಿ ಮನೆಯಲ್ಲಿದ್ದರೆ

ಕಾಲು ಸೆಟೆಯುವುದು, ಕಣ್ಣು ಮಂಜಾಗುವುದು, ಜೋಮು ಬಂದು ಹೋಗುವುದು ಇವುಗಳನ್ನು ಗಾಳಿ ಸೋಕಿದ್ದೆಂದು ಬಿಡದೆ ಜಿಲ್ಲಾ ಆಸ್ಪತ್ರೆಯ ಮೂಲಕ ನರರೋಗ ತಜ್ಞರಿಗೆ ತೋರಿಸಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇಂತಹ ತಜ್ಞರಿದ್ದಾರೆ. ವೈದ್ಯರು ಕೊಟ್ಟ ಬ್ಯಾಕ್ಲೊಫೆನ್ ಮಾತ್ರೆಯನ್ನು ಇದ್ದಕ್ಕಿದ್ದಂತೆ ನಿಲ್ಲಿಸುವುದು ಅಪಾಯ. ಹೀಗೆ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಯಾರದೋ ಮಾತು ಕೇಳಿ ಮಾತ್ರೆ ಬಿಟ್ಟು ಗಾಂಜಾ ಎಣ್ಣೆ ಹಿಡಿಯುವವರಿಗೆ ಈ ಎಚ್ಚರಿಕೆ ಮುಖ್ಯ.

ಸೆಟೆತ ಒಮ್ಮೆಲೆ ಹೆಚ್ಚಾದರೆ ಅದಕ್ಕೆ ಬೇರೆ ಕಾರಣವೂ ಇರಬಹುದು. ಮೂತ್ರದ ಸೋಂಕು, ಮಲಬದ್ಧತೆ, ಮಲಗಿದ ಮಗ್ಗುಲಿನ ಹುಣ್ಣು, ಬಿಗಿಯಾದ ಬಟ್ಟೆ, ಜ್ವರ ಇವನ್ನು ಮೊದಲು ನೋಡಿಕೊಳ್ಳಬೇಕು. ಬಿಸಿಲಿನ ತಾಪದಿಂದ ಎಂ.ಎಸ್. ಲಕ್ಷಣಗಳು ತಾತ್ಕಾಲಿಕವಾಗಿ ಹೆಚ್ಚುವುದರಿಂದ ರೋಗಿ ಹೊಲದ ಕೆಲಸವನ್ನು ಬೆಳಗಿನ ಅಥವಾ ಸಂಜೆಯ ತಂಪು ಹೊತ್ತಿನಲ್ಲಿ ಇಟ್ಟುಕೊಳ್ಳುವುದು ಉತ್ತಮ. ದಿನಕ್ಕೆ ಎರಡು ಸಲ ಮನೆಯವರು ಕಾಲುಗಳನ್ನು ನಿಧಾನವಾಗಿ ಚಾಚಿ ಮಡಿಸುವುದನ್ನು ಅಂಗಸಾಧನೆ ತಜ್ಞರಿಂದ ಕಲಿತರೆ ಖರ್ಚಿಲ್ಲದೆ ಬಹಳ ಸಹಾಯವಾಗುತ್ತದೆ.

2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪಟ್ಟಿಯಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಸೇರಿದೆ. ರೋಗದಿಂದ ನಿಗದಿತ ಪ್ರಮಾಣದ ವೈಕಲ್ಯವಾದವರು ಪ್ರಮಾಣ ಪತ್ರ ಪಡೆದು ಸರ್ಕಾರದ ಸೌಲಭ್ಯಗಳಿಗೆ ಅರ್ಜಿ ಹಾಕಬಹುದು. ಹಳ್ಳಿಗಳಲ್ಲಿ ಇದು ತಿಳಿದವರು ಕಡಿಮೆ. ಗ್ರಾಮ ಮಟ್ಟದ ವಿಸ್ತರಣಾ ಕಾರ್ಯಕರ್ತರು ತಮ್ಮ ವ್ಯಾಪ್ತಿಯಲ್ಲಿ ಅಂತಹ ಕುಟುಂಬವಿದ್ದರೆ ಈ ವಿಷಯವನ್ನು ತಿಳಿಸಿ, ಅರ್ಜಿ ಹಾಕಲು ನೆರವಾಗಬೇಕು. ಗಾಂಜಾ ಬೆಳೆ ಅಥವಾ ಗಾಂಜಾ ಎಣ್ಣೆಯ ಆಸೆ ತೋರಿಸುವವರು ಊರಿಗೆ ಬಂದಾಗ ಮೇಲಿನ ಐದು ಅಂಶಗಳನ್ನು ರೈತರ ಸಭೆಯಲ್ಲಿ ಓದಿ ಹೇಳುವುದು ಒಳ್ಳೆಯದು.